ಸುಟ್ಟ ಬೊಬ್ಬೆ ಒಡೆಯಬೇಕೆ, ಬಿಡಬೇಕೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪುಟ್ಟ ಮಕ್ಕಳಿಗೆ ಬಿಸಿ ತಗುಲಿದಾಗ ಮನೆಯಲ್ಲಿ ಏನು ಮಾಡಬೇಕು ಎಂದು ಕೇಳಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಹೆಚ್ಚಿನ ಪತ್ರಗಳಲ್ಲಿ ಕೇಳಿದ್ದು ‘ಏನು ಹಚ್ಚಬೇಕು’ ಎಂದು. ಉತ್ತರಗಳಲ್ಲಿ ಹಚ್ಚುವ ಮಾತು ಕಡಿಮೆ, ನೀರಿನ ಮಾತೇ ಜಾಸ್ತಿ. ಬೇಸರಪಡಬೇಡಿ.

ಒಂದೂವರೆ ವರ್ಷದ ಮೊಮ್ಮಗ ಆಗತಾನೆ ಕಟ್ಟಿಟ್ಟ ರಾಗಿಮುದ್ದೆಗೆ ಕೈ ಹಾಕಿಬಿಟ್ಟ. ಬೆರಳಿಗೆಲ್ಲ ಅಂಟಿಕೊಂಡಿತು. ಒರೆಸಿ ತೆಗೆದು ಟೂತ್‌ಪೇಸ್ಟ್ ಹಚ್ಚಿದೆ. ನೀರಲ್ಲಿ ಹಿಡೀಬೇಕಿತ್ತು ಅಂತ ಸೊಸೆ ಜಗಳ ಮಾಡ್ತಾಳೆ. ನೀರು ಹಾಕಿದ್ರೆ ಬೊಬ್ಬೆ ಏಳಲ್ವಾ?
– ಒಬ್ಬ ಅಜ್ಜಿ, ಮುಳಬಾಗಿಲು

ಸೊಸೆ ಹೇಳಿದ್ದೇ ಸರಿ, ಅಮ್ಮ. ಬೊಬ್ಬೆ ಏಳುವುದು ನೀರಿನಿಂದಲ್ಲ, ಚರ್ಮದೊಳಗೆ ಇಳಿದ ಶಾಖದಿಂದ. ಬಿಸಿ ವಸ್ತುವನ್ನು ತೆಗೆದ ಮೇಲೂ ಆ ಶಾಖ ಒಳಪದರಗಳನ್ನು ಸುಡುತ್ತಲೇ ಇರುತ್ತದೆ. ಮಗುವಿನ ಚರ್ಮ ನಮ್ಮದಕ್ಕಿಂತ ತೆಳು, ಆದ್ದರಿಂದ ಬೇಗ ಆಳಕ್ಕೆ ಹೋಗುತ್ತದೆ. 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ದೊಡ್ಡವರ ಚರ್ಮವನ್ನು ಆಳವಾಗಿ ಸುಡಲು ಐದು ಸೆಕೆಂಡು ಸಾಕು, ಮಗುವಿಗೆ ಅಷ್ಟೂ ಬೇಡ. ಮುದ್ದೆ, ಗಂಜಿ, ಬೆಲ್ಲದ ಪಾಕ ಇವು ನೀರಿಗಿಂತ ಮೋಸದವು. ಮೇಲೆ ಆರಿದಂತೆ ಕಂಡರೂ ಒಳಗೆ ಕುದಿಯುತ್ತಿರುತ್ತವೆ, ಅಂಟಿಕೊಂಡು ಕೂತಲ್ಲೇ ಸುಡುತ್ತವೆ. ಒಣ ಬಟ್ಟೆಯಲ್ಲಿ ಒರೆಸಿದರೆ ಮುದ್ದೆಯ ಜೊತೆ ಮೇಲ್ಚರ್ಮವೂ ಕಿತ್ತು ಬರಬಹುದು. ನೀರಿನ ಕೆಳಗೆ ಹಿಡಿದರೆ ಅದೇ ಸಡಿಲವಾಗಿ ಬಿಡುತ್ತದೆ.

ಇನ್ನೊಮ್ಮೆ ಹೀಗಾದರೆ ಸುಟ್ಟ ಜಾಗವನ್ನು ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಿರಿ. ಗಡಿಯಾರ ನೋಡಿಕೊಂಡೇ ಹಿಡಿಯಬೇಕು, ಏಕೆಂದರೆ ಅಳುವ ಮಗುವನ್ನು ಹಿಡಿದವರಿಗೆ ಮೂರು ನಿಮಿಷವೇ ಅರ್ಧ ಗಂಟೆ ಅನ್ನಿಸುತ್ತದೆ. ಮಗು ತಡೆಯಲಾರದೆ ಒದ್ದಾಡಿದರೆ ನಡುವೆ ಎರಡು ನಿಮಿಷ ಬಿಟ್ಟು ಮತ್ತೆ ಹಿಡಿಯಿರಿ, ಒಟ್ಟು ಇಪ್ಪತ್ತಾಗಲಿ. ಸುಟ್ಟು ಮೂರು ಗಂಟೆಯೊಳಗೆ ಯಾವಾಗ ಶುರು ಮಾಡಿದರೂ ಪ್ರಯೋಜನ ಇದೆ. ಅಂದರೆ ಪೇಸ್ಟ್ ಹಚ್ಚಿಯಾಗಿದ್ದರೂ ಅದನ್ನು ತೊಳೆದು ನೀರಿಗೆ ಹಿಡಿಯಬಹುದು.

ನೀರು ಬಿಡುತ್ತಿರುವಾಗಲೇ ಕಡಗ, ಬಳೆ, ಉಂಗುರ, ದೃಷ್ಟಿದಾರ ತೆಗೆದುಬಿಡಿ. ಮೈ ಮೇಲೆ ಚೆಲ್ಲಿದ್ದರೆ ಉಡಿದಾರ, ಗೆಜ್ಜೆ, ಬಟ್ಟೆ, ಡೈಪರ್ ಕೂಡ. ಕೆಲ ಹೊತ್ತಿಗೇ ಊತ ಬರುತ್ತದೆ, ಆಮೇಲೆ ಬೆಳ್ಳಿ ಕಡಗವನ್ನು ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಡೈಪರ್ ಬಿಸಿನೀರನ್ನು ಹೀರಿ ಹಿಡಿದಿಟ್ಟುಕೊಳ್ಳುವುದರಿಂದ ಅದನ್ನು ಎಲ್ಲಕ್ಕಿಂತ ಮೊದಲು ಬಿಚ್ಚಬೇಕು. ಚರ್ಮಕ್ಕೆ ಅಂಟಿಹೋದ ಬಟ್ಟೆಯನ್ನು ಮಾತ್ರ ಎಳೆಯಬೇಡಿ. ಸುತ್ತ ಕತ್ತರಿಸಿ, ಅಂಟಿದ ತುಂಡನ್ನು ಹಾಗೇ ಬಿಡಿ.

ಟೂತ್‌ಪೇಸ್ಟ್ ತಣ್ಣಗೆ ಅನ್ನಿಸುವುದು ಪುದೀನದ ಗುಣದಿಂದ, ಶಾಖ ಇಳಿಯುವುದರಿಂದಲ್ಲ. ಶಾಖ ಒಳಗೇ ಉಳಿಯುತ್ತದೆ, ಪೇಸ್ಟಿನಲ್ಲಿರುವ ನೊರೆಯ ಪದಾರ್ಥ ಉರಿ ಹೆಚ್ಚಿಸುತ್ತದೆ. ಆಸ್ಪತ್ರೆಗೆ ಹೋದರೆ ಗಾಯ ಎಷ್ಟು ಆಳ ಎಂದು ನೋಡಲು ಅದನ್ನೆಲ್ಲ ಉಜ್ಜಿ ತೆಗೆಯಬೇಕು, ಆ ನೋವು ಮತ್ತೆ ಮಗುವಿಗೇ. ಶಾಯಿ, ಅರಿಶಿನ, ಕಾಫಿಪುಡಿ, ದೋಸೆಹಿಟ್ಟು, ಮೊಟ್ಟೆಯ ಬಿಳಿ, ಬೆಣ್ಣೆ ಎಲ್ಲಕ್ಕೂ ಇದೇ ಉತ್ತರ.

ನಮ್ಮಲ್ಲಿ ನಲ್ಲಿ ನೀರು ಬರೋದು ವಾರಕ್ಕೊಂದು ಸಲ. ಇಪ್ಪತ್ತು ನಿಮಿಷ ನಲ್ಲಿ ಬಿಡೋದು ಹೇಗೆ? ಫ್ರಿಜ್‌ನಲ್ಲಿರೋ ಐಸ್ ಇಟ್ಟರೆ ಆಗಲ್ವಾ?
– ಬಾಗೇಪಲ್ಲಿ

ಐಸ್ ಬೇಡ. ಅದು ರಕ್ತನಾಳಗಳನ್ನು ಬಿಗಿದು, ಮೊದಲೇ ಬಳಲಿದ ಚರ್ಮಕ್ಕೆ ರಕ್ತ ಸಿಗದಂತೆ ಮಾಡುತ್ತದೆ. ಗಾಯ ಇನ್ನೂ ಆಳವಾಗುತ್ತದೆ.

ನೀರಿನ ಲೆಕ್ಕ ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಒಂದು ಲೀಟರಿನ ಚೆಂಬಿನಿಂದ ನಿಮಿಷಕ್ಕೊಂದು ಚೆಂಬಿನಂತೆ ಸಣ್ಣಗೆ ಸುರಿಯುತ್ತಾ ಹೋದರೆ ಇಪ್ಪತ್ತು ಲೀಟರ್, ಅಂದರೆ ಪ್ಲಾಸ್ಟಿಕ್ ಬಿಂದಿಗೆಯಲ್ಲಿ ಒಂದೂವರೆ. ಕೆಳಗೆ ಶುದ್ಧವಾದ ಟಬ್ ಇಟ್ಟರೆ ಆ ನೀರು ಗಿಡಕ್ಕೋ ಬಚ್ಚಲಿಗೋ ಆಗುತ್ತದೆ. ಅಷ್ಟೂ ಇಲ್ಲದಿದ್ದರೆ ಕೈ ಅಥವಾ ಪಾದವನ್ನು ಬೋಗುಣಿಯ ನೀರಿನಲ್ಲಿ ಮುಳುಗಿಸಿ, ನೀರು ಬೆಚ್ಚಗಾದಂತೆ ಬದಲಾಯಿಸಿ. ಒದ್ದೆ ಬಟ್ಟೆ ಕೊನೆಯ ಉಪಾಯ. ಅದು ಮೈ ಶಾಖಕ್ಕೆ ಬೇಗ ಬಿಸಿಯಾಗುವುದರಿಂದ ನಿಮಿಷಕ್ಕೊಮ್ಮೆ ಅದ್ದಿ ಹಾಕಬೇಕು.

ನಿಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಫ್ಲೋರೈಡ್ ಹೆಚ್ಚು ಎನ್ನುವ ಚಿಂತೆ ಇಲ್ಲಿ ಬೇಡ. ಆ ತೊಂದರೆ ವರ್ಷಗಟ್ಟಲೆ ಕುಡಿಯುವವರಿಗೆ. ಹೊರಗಿನಿಂದ ತಣಿಸಲು ತಿಳಿಯಾದ ನೀರು ಸಾಕು. ನೋಡಬೇಕಾದ್ದು ಬೇರೆ: ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನ ತಾರಸಿಯ ಕಪ್ಪು ಟ್ಯಾಂಕಿನಿಂದ ಬರುವ ನಲ್ಲಿ ನೀರೇ ಸುಡುತ್ತಿರುತ್ತದೆ. ಗಾಬರಿಯಲ್ಲಿ ಮಗುವಿನ ಕೈಯನ್ನು ಅದಕ್ಕೇ ಒಡ್ಡುವವರಿದ್ದಾರೆ. ಮೊದಲು ನಿಮ್ಮ ಕೈ ಒಡ್ಡಿ ನೋಡಿ. ಬಿಸಿ ಇದ್ದರೆ ಸಂಪಿನ ನೀರೋ ಮಡಕೆಯ ನೀರೋ ತನ್ನಿ.

ಒಂದು ಎಚ್ಚರಿಕೆ. ಹಸುಗೂಸಿನ ಎದೆ, ಹೊಟ್ಟೆ, ಬೆನ್ನಿನ ಮೇಲೆ ದೊಡ್ಡ ಜಾಗ ಸುಟ್ಟಿದ್ದರೆ ಇಪ್ಪತ್ತು ನಿಮಿಷದ ನೀರಿಗೆ ಇಡೀ ಮೈ ತಣ್ಣಗಾಗಿಬಿಡಬಹುದು. ಗಾಯಕ್ಕೆ ಮಾತ್ರ ನೀರು ಬೀಳಲಿ, ಮಿಕ್ಕ ಮೈಗೆ ಒಣ ಟವೆಲ್ ಅಥವಾ ಕಂಬಳಿ ಹೊದಿಸಿ. ಮಗು ನಡುಗಿದರೆ, ತುಟಿ ನೀಲಿಯಾದರೆ ನೀರು ನಿಲ್ಲಿಸಿ ಹೊರಡಿ.

ಎರಡೂವರೆ ವರ್ಷದ ಮಗಳ ತೊಡೆ ಮೇಲೆ ಟೀ ಚೆಲ್ಲಿ, ಮಾರನೆ ದಿನ ಎರಡು ಬೊಬ್ಬೆ ಬಂದಿವೆ. ಒಂದು ಕಡಲೆಕಾಳಷ್ಟು, ಇನ್ನೊಂದು ಐದು ರೂಪಾಯಿ ನಾಣ್ಯದಷ್ಟು. ಸೂಜಿ ಕಾಯಿಸಿ ಚುಚ್ಚಿ ನೀರು ತೆಗೆದ್ರೆ ಬೇಗ ಒಣಗುತ್ತೆ ಅಂತ ಪಕ್ಕದ ಮನೆಯವರು ಹೇಳ್ತಾರೆ. ನಿಜವಾ?
– ಗುಬ್ಬಿ

ಚುಚ್ಚಬೇಡಿ. ಬೊಬ್ಬೆಯ ಒಳಗಿರುವುದು ಕೀವಲ್ಲ, ರಕ್ತನಾಳದಿಂದ ಒಸರಿದ ತಿಳಿ ದ್ರವ, ರೋಗಾಣು ಇಲ್ಲದ್ದು. ಅದರ ಮೇಲಿನ ಚರ್ಮ ಸತ್ತಿದ್ದರೂ ಹೊದಿಕೆಯಾಗಿ ಉಳಿದಿದೆ. ಕೆಳಗೆ ಬೆತ್ತಲಾದ ನರದ ತುದಿಗಳಿಗೆ ಗಾಳಿ ತಾಕದಂತೆ, ಹೊರಗಿನ ರೋಗಾಣು ಒಳಗೆ ಹೋಗದಂತೆ ಅದೇ ಕಾಯುತ್ತದೆ. ಒಡೆದ ಬೊಬ್ಬೆ ಉರಿಯುವುದು, ಒಡೆಯದ್ದು ಅಷ್ಟು ಉರಿಯದಿರುವುದು ಇದಕ್ಕೇ. ಸೂಜಿಯನ್ನು ದೀಪಕ್ಕೆ ಹಿಡಿದರೆ ಮಸಿ ಹತ್ತುತ್ತದೆ, ಚುಚ್ಚುವ ಬೆರಳು ಹೇಗಿದ್ದರೂ ಶುದ್ಧವಿಲ್ಲ, ಮತ್ತೆ ಆ ತೂತು ಮುಚ್ಚಿಕೊಳ್ಳುವುದಿಲ್ಲ.

ಕಡಲೆಕಾಳಿನಷ್ಟಿರುವುದನ್ನು ಮರೆತುಬಿಡಿ. ಕೆಲ ದಿನದಲ್ಲಿ ದ್ರವ ತಾನಾಗಿ ಹೀರಿಹೋಗಿ ಮೇಲಿನ ಚರ್ಮ ಒಣಗಿ ಸುಲಿಯುತ್ತದೆ. ದೊಡ್ಡದರ ವಿಷಯ ಬೇರೆ. ಬಿಗಿದುಕೊಂಡು ನಿಂತಿರುವ, ನಡೆದಾಗ ಉಜ್ಜುವ, ಕೀಲಿನ ಮೇಲಿರುವ ಬೊಬ್ಬೆ ಹೇಗೂ ತಾನೇ ಒಡೆಯುವಂಥದ್ದು. ಅಂಥದ್ದನ್ನು ಆಸ್ಪತ್ರೆಯಲ್ಲಿ ಶುದ್ಧ ಉಪಕರಣದಿಂದ ತೆಗೆದು ಡ್ರೆಸ್ಸಿಂಗ್ ಹಾಕುವುದು ಮೇಲು, ಕೆಳಗಿನ ಗಾಯ ಎಷ್ಟು ಆಳ ಎನ್ನುವುದೂ ಆಗ ಗೊತ್ತಾಗುತ್ತದೆ. ನಿಮ್ಮ ಮಗಳ ತೊಡೆಯದ್ದನ್ನು ಒಮ್ಮೆ ತೋರಿಸಿ ಬನ್ನಿ.

ಮನೆಯಲ್ಲೇ ಒಡೆದುಹೋದರೆ ಕೈಯನ್ನು ಸೋಪಿನಿಂದ ತೊಳೆದುಕೊಂಡು, ಕುದಿಸಿ ಆರಿಸಿದ ನೀರು ಮತ್ತು ಸಾದಾ ಸೋಪಿನ ನೊರೆಯಿಂದ ಗಾಯವನ್ನು ಮೆಲ್ಲಗೆ ತೊಳೆಯಿರಿ. ಡೆಟಾಲ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಬೇಡ, ಹೊಸದಾಗಿ ಬೆಳೆಯುವ ಚರ್ಮವನ್ನೂ ಅವು ಸುಡುತ್ತವೆ. ಜೋತುಬಿದ್ದ ಚರ್ಮವನ್ನು ಎಳೆಯದೆ ಗಾಯದ ಮೇಲೇ ಹರಡಿ ಮುಚ್ಚಿ.

ಮೂರನೆಯ ನಾಲ್ಕನೆಯ ದಿನ ಗಾಯದ ಮೇಲೆ ತೆಳುವಾದ ಹಳದಿ ಪೊರೆ ಕಂಡರೆ ಕೀವು ಎಂದು ಹೆದರಬೇಡಿ, ಕೆರೆಯಲೂ ಬೇಡಿ. ಗಾಯ ಮಾಯುವಾಗ ಅದು ಬರುತ್ತದೆ. ಸೋಂಕಾದರೆ ಚಿತ್ರವೇ ಬೇರೆ: ಕಡಿಮೆಯಾಗುತ್ತಿದ್ದ ನೋವು ಮತ್ತೆ ಏರುತ್ತದೆ, ಸುತ್ತಲ ಕೆಂಪು ಹರಡುತ್ತದೆ, ಮುಟ್ಟಿದರೆ ಬಿಸಿ, ವಾಸನೆ ಬರುತ್ತದೆ. ಅನುಮಾನ ಇದ್ದರೆ ಕೆಂಪಿನ ಅಂಚಿಗೆ ಬಾಲ್‌ಪೆನ್ನಿನಿಂದ ಗೆರೆ ಎಳೆದಿಡಿ. ಆರು ಗಂಟೆಯಲ್ಲಿ ಕೆಂಪು ಗೆರೆ ದಾಟಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ.

ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿದ್ರೆ ಬಿಳಿ ಬರ್ನ್ ಕ್ರೀಮ್ ಕೊಡ್ತಾರೆ. ಹಚ್ಚಬಹುದಾ? ಬ್ಯಾಂಡೇಜ್ ಹಾಕಬೇಕಾ, ಗಾಳಿಗೆ ಬಿಡಬೇಕಾ?
– ತುಮಕೂರು

ಆ ಬಿಳಿ ಕ್ರೀಮ್ ಸಾಮಾನ್ಯವಾಗಿ ಸಿಲ್ವರ್ ಸಲ್ಫಾಡಯಾಜಿನ್. ದಶಕಗಳ ಕಾಲ ಎಲ್ಲ ಸುಟ್ಟಗಾಯಕ್ಕೂ ಅದೇ ಇತ್ತು. ಸಣ್ಣ ಮೇಲ್ಪದರದ ಗಾಯ ಅದರಿಂದ ನಿಧಾನವಾಗಿ ಮಾಯುತ್ತದೆ ಎಂದು ಈಗ ಗೊತ್ತಾಗಿದೆ. ಅದು ಗಾಯದ ಮೇಲೆ ಬಿಳಿ ಪೊರೆ ಕಟ್ಟುವುದರಿಂದ ಆಳ ತಿಳಿಯುವುದೂ ಕಷ್ಟ. ಎರಡು ತಿಂಗಳೊಳಗಿನ ಕೂಸಿಗೆ, ಸಲ್ಫಾ ಔಷಧಿ ಆಗದವರಿಗೆ ಹಚ್ಚಲೇಬಾರದು. ವೈದ್ಯರು ನೋಡಿ ಬರೆದುಕೊಟ್ಟರೆ ಸರಿ, ನೀವಾಗಿ ಕೊಳ್ಳಬೇಡಿ.

ಗಾಳಿಗೆ ಬಿಟ್ಟರೆ ಗಾಯ ಒಣಗಿ ಬಿರಿಯುತ್ತದೆ, ನೊಣ ಕೂರುತ್ತದೆ, ಮಗು ಕೆರೆಯುತ್ತದೆ. ತೇವವಾಗಿ ಮುಚ್ಚಿಟ್ಟರೆ ಬೇಗ ಮಾಯುತ್ತದೆ. ಬೇಕಾಗುವುದು ಇಷ್ಟೇ: ಪ್ಯಾರಾಫಿನ್ ಗಾಜ್ (ವ್ಯಾಸಲೀನ್ ಅದ್ದಿದ ಬಲೆಯಂಥ ಬಟ್ಟೆ, ಒಂದೊಂದೇ ಹಾಳೆಯಾಗಿ ಪ್ಯಾಕೆಟ್‌ನಲ್ಲಿ ಸಿಗುತ್ತದೆ), ಸ್ಟೆರೈಲ್ ಹತ್ತಿ ಗಾಜ್, ಒಂದು ರೋಲರ್ ಬ್ಯಾಂಡೇಜ್. ಗಾಯಕ್ಕಿಂತ ಎರಡು ಬೆರಳು ಅಗಲ ಹೆಚ್ಚಿರುವಂತೆ ಪ್ಯಾರಾಫಿನ್ ಗಾಜ್ ಇಟ್ಟು, ಮೇಲೆ ಎರಡು ಮೂರು ಪದರ ಗಾಜ್, ಆಮೇಲೆ ಬ್ಯಾಂಡೇಜ್. ಹತ್ತಿಯ ಉಂಡೆಯನ್ನು ನೇರ ಗಾಯದ ಮೇಲೆ ಇಡಬೇಡಿ, ಎಳೆಗಳು ಅಂಟಿಕೊಂಡು ತೆಗೆಯುವಾಗ ಪ್ರಾಣ ಹಿಂಡುತ್ತವೆ. ಬೆರಳುಗಳು ಸುಟ್ಟಿದ್ದರೆ ಒಂದೊಂದನ್ನೂ ಬೇರೆಯಾಗಿ ಸುತ್ತಬೇಕು, ಒಟ್ಟಿಗೆ ಸುತ್ತಿದರೆ ಹಸಿ ಚರ್ಮ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಬ್ಯಾಂಡೇಜ್ ಕಟ್ಟಿದ ಮೇಲೆ ಉಗುರನ್ನು ಒತ್ತಿ ಬಿಡಿ: ಬೆಳ್ಳಗಾಗಿ ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪಾಗದಿದ್ದರೆ ಬಿಗಿಯಾಗಿದೆ.

ಮೊದಲ ಬಾರಿ ಒಂದೆರಡು ದಿನದಲ್ಲಿ ಬಿಚ್ಚಿ ನೋಡಿ. ಆಮೇಲೂ ಎರಡು ದಿನಕ್ಕೊಮ್ಮೆ ಬದಲಾಯಿಸಿದರೆ ಸಾಕು, ಒದ್ದೆಯಾದರೆ ಅಥವಾ ಕೊಳೆಯಾದರೆ ಆಗಲೇ. ಅಂಟಿದ್ದರೆ ಆರಿಸಿದ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ತೆಗೆಯಿರಿ. ಆಸ್ಪತ್ರೆಗೆ ಹೋಗುವ ದಾರಿಗೆ ಮಾತ್ರವಾದರೆ ಇದೇನೂ ಬೇಡ: ಒಗೆದು ಇಸ್ತ್ರಿ ಮಾಡಿದ ಹಳೇ ಪಂಚೆಯ ತುಂಡು ಸಡಿಲವಾಗಿ ಹೊದಿಸಿದರೆ ಆಯಿತು.

ಬಾಳೆ ಎಲೆ ಕಟ್ಟುವ ಬಗ್ಗೆಯೂ ಇದೇ ಪತ್ರದಲ್ಲಿ ಕೇಳಿದ್ದೀರಿ. ಕೆಲವು ಸುಟ್ಟಗಾಯದ ವಾರ್ಡುಗಳಲ್ಲಿ ಬಳಸಿದ್ದಾರೆ, ನಿಜ. ಅಲ್ಲಿ ಎಲೆಯನ್ನು ಆಟೋಕ್ಲೇವ್ ಎಂಬ ಹಬೆಯಂತ್ರದಲ್ಲಿ ಶುದ್ಧ ಮಾಡಿರುತ್ತಾರೆ. ಹಿತ್ತಲಿನಿಂದ ಕೊಯ್ದು ತಂದದ್ದು ಊಟಕ್ಕೆ ಸರಿ.

ನೋವಿಗೆ ಪ್ಯಾರಾಸಿಟಮಾಲ್ ಸಿರಪ್ ಎಷ್ಟು ಕೊಡಬೇಕು? ಮನೆಯಲ್ಲಿ ಮೂರು ಥರದ ಬಾಟಲಿ ಇದೆ.
– ಬಂಗಾರಪೇಟೆ

ಮೂರು ಬಾಟಲಿ ಇರುವುದೇ ಅಪಾಯ. ಲೆಕ್ಕ ಮಗುವಿನ ತೂಕದ ಮೇಲೆ, ವಯಸ್ಸಿನ ಮೇಲಲ್ಲ: ಒಂದು ಸಲಕ್ಕೆ ಕೆ.ಜಿ.ಗೆ 15 ಮಿಲಿಗ್ರಾಂ ಮೀರಬಾರದು, ಎರಡು ಡೋಸ್ ನಡುವೆ ಆರು ಗಂಟೆ ಅಂತರ ಇಟ್ಟುಕೊಂಡು ದಿನಕ್ಕೆ ಹೆಚ್ಚೆಂದರೆ ನಾಲ್ಕು ಸಲ. ಹತ್ತು ಕೆ.ಜಿ. ಮಗುವಿಗೆ 150 ಮಿಲಿಗ್ರಾಂ ಎಂದಾಯಿತು. ಬಾಟಲಿ ಮೇಲೆ ‘5 ಮಿ.ಲೀ.ಗೆ 125 ಮಿ.ಗ್ರಾಂ’ ಎಂದಿದ್ದರೆ 6 ಮಿ.ಲೀ.; ‘5 ಮಿ.ಲೀ.ಗೆ 250’ ಇದ್ದರೆ 3 ಮಿ.ಲೀ. ಮಾತ್ರ, ‘1 ಮಿ.ಲೀ.ಗೆ 100’ ಎಂಬ ಡ್ರಾಪ್ಸ್ ಆದರೆ ಒಂದೂವರೆ ಮಿ.ಲೀ. ಡ್ರಾಪ್ಸನ್ನು ಸಿರಪ್ ಎಂದುಕೊಂಡು ಆರು ಮಿ.ಲೀ. ಕುಡಿಸಿದರೆ ನಾಲ್ಕು ಪಟ್ಟು ಔಷಧಿ ಹೋಗುತ್ತದೆ, ಅದು ಲಿವರ್‌ಗೆ ಕೆಡುಕು. ಅಡುಗೆಮನೆಯ ಚಮಚ ಬಿಟ್ಟು ಬಾಟಲಿ ಜೊತೆ ಬಂದ ಅಳತೆ ಮುಚ್ಚಳವನ್ನೋ ಸಿರಿಂಜನ್ನೋ ಬಳಸಿ. ನೆಗಡಿಯ ಸಿರಪ್‌ಗಳಲ್ಲೂ ಪ್ಯಾರಾಸಿಟಮಾಲ್ ಇರುವುದುಂಟು, ಎರಡನ್ನೂ ಕೊಟ್ಟರೆ ದುಪ್ಪಟ್ಟಾಗುತ್ತದೆ. ಮೂರು ತಿಂಗಳೊಳಗಿನ ಕೂಸಿಗೆ ವೈದ್ಯರನ್ನು ಕೇಳದೆ ಕೊಡಬಾರದು, ಆಸ್ಪಿರಿನ್ ಯಾವ ಮಗುವಿಗೂ ಬೇಡ. ಡ್ರೆಸ್ಸಿಂಗ್ ಬದಲಾಯಿಸುವ ಅರ್ಧ ಗಂಟೆ ಮುಂಚೆ ಒಂದು ಡೋಸ್ ಕೊಟ್ಟರೆ ಮಗುವಿಗೂ ಹಾಯ್, ನಿಮಗೂ ಹಾಯ್.

ನಮ್ಮದು ರೇಷ್ಮೆ ನೂಲು ಬಿಚ್ಚುವ ಮನೆ. ಗೂಡು ಬೇಯಿಸೋ ನೀರು ಮಗುವಿನ ಕಾಲಿಗೆ ಸಿಡೀತು. ಯಾವಾಗ ಮನೆ ಮದ್ದು ಸಾಕು, ಯಾವಾಗ ಆಸ್ಪತ್ರೆ?
– ಶಿಡ್ಲಘಟ್ಟ

ಗೂಡಿನ ನೀರು ಕುದಿಯುವ ಮಟ್ಟದಲ್ಲಿರುತ್ತದೆ, ಜೊತೆಗೆ ಹುಳದ ಕೊಳೆ, ಅಂಟು ತುಂಬಿರುತ್ತದೆ. ಸೋಂಕಿಗೆ ದಾರಿ ಸುಲಭ. ನೀರಿನಲ್ಲಿ ತಣಿಸಿದ ಮೇಲೆ ಸೋಪಿನಿಂದ ತೊಳೆಯುವುದನ್ನು ನೀವು ಬಿಡಬಾರದು.

ಮನೆಯಲ್ಲಿ ನೋಡಿಕೊಳ್ಳಬಹುದಾದದ್ದು: ಬರೀ ಕೆಂಪಾಗಿ ಉರಿಯುವ ಚರ್ಮ, ಅಥವಾ ಒಂದೆರಡು ಸಣ್ಣ ಬೊಬ್ಬೆ, ಅದೂ ವರ್ಷ ತುಂಬಿದ ಮಗುವಿಗೆ. ಅಳತೆಗೆ ಮಗುವಿನ ಅಂಗೈಯನ್ನೇ ಇಟ್ಟುಕೊಳ್ಳಿ. ಬೆರಳು ಸೇರಿಸಿ ಅದರ ಅಂಗೈ ಮೈಯ ಸುಮಾರು ನೂರರಲ್ಲಿ ಒಂದು ಭಾಗ. ಬೊಬ್ಬೆಯ ಗಾಯ ಅದಕ್ಕಿಂತ ದೊಡ್ಡದಿದ್ದರೆ ಆಸ್ಪತ್ರೆ. ಮುಖ, ಅಂಗೈ, ಪಾದ, ಗುಪ್ತಾಂಗ, ಕೀಲು, ಕೈ ಅಥವಾ ಕಾಲನ್ನು ಬಳೆಯಂತೆ ಸುತ್ತುವರಿದ ಗಾಯ: ಎಷ್ಟೇ ಸಣ್ಣದಿದ್ದರೂ ಆಸ್ಪತ್ರೆ. ಕರೆಂಟು, ಆಸಿಡ್ ಕೂಡ ಹಾಗೆಯೇ. ವರ್ಷ ತುಂಬದ ಕೂಸಿಗೆ ಬೊಬ್ಬೆ ಬಂದರೆ ಸಾಕು, ಹೊರಡಿ. ಬೋಂಡಾ ಎಣ್ಣೆಯ ಒಂದು ಹನಿಯನ್ನೂ ಹಗುರವಾಗಿ ಕಾಣಬೇಡಿ, ಕಾದ ಎಣ್ಣೆ ಕುದಿಯುವ ನೀರಿಗಿಂತ ಎಷ್ಟೋ ಬಿಸಿ.

ಜನ ಹೆಚ್ಚು ಮೋಸಹೋಗುವುದು ನೋವಿನ ವಿಷಯದಲ್ಲಿ. ಮಗು ಅಳುತ್ತಿಲ್ಲ, ಗಾಯ ಬಿಳಿಚಿಕೊಂಡು ಅಥವಾ ಕಪ್ಪಾಗಿ ಚಕ್ಕಳದಂತಿದೆ ಎಂದರೆ ನರದ ತುದಿಗಳೇ ಸುಟ್ಟುಹೋಗಿವೆ. ಅದು ಅತಿ ಆಳದ ಗಾಯ.

ಇನ್ನೊಂದು ಸಂಗತಿ ಅಪರೂಪ, ಆದರೆ ಐದು ವರ್ಷದೊಳಗಿನ ಮಗುವಿನ ತಂದೆತಾಯಿಗೆ ಗೊತ್ತಿರಲೇಬೇಕು. ಸುಟ್ಟು ಎರಡು ಮೂರು ದಿನಕ್ಕೆ 39 ಡಿಗ್ರಿ ಸೆಲ್ಸಿಯಸ್ (102 ಫ್ಯಾರನ್‌ಹೀಟ್) ಮೀರಿದ ಜ್ವರ, ಮೈಮೇಲೆ ಕೆಂಪು ದದ್ದು, ವಾಂತಿ ಭೇದಿ, ಮಂಕು. ಗಾಯ ಮಾತ್ರ ಶುದ್ಧವಾಗಿ ಕಾಣುತ್ತಿರುತ್ತದೆ. ಗಾಯದಲ್ಲಿ ಕೂತ ಸ್ಟ್ಯಾಫಿಲೋಕಾಕಸ್ ಎಂಬ ರೋಗಾಣುವಿನ ವಿಷ ರಕ್ತಕ್ಕೆ ಸೇರುವುದರಿಂದ ಹೀಗಾಗುತ್ತದೆ, ಗಂಟೆಗಳಲ್ಲಿ ಮಗು ಕುಸಿಯಬಹುದು. ‘ಬೇರೆ ಯಾವುದೋ ವೈರಲ್ ಜ್ವರ’ ಎಂದು ಸುಮ್ಮನಿರಬೇಡಿ, ವೈದ್ಯರಿಗೆ ಸುಟ್ಟ ಗಾಯದ ವಿಷಯ ಮೊದಲು ಹೇಳಿ.

ತುರ್ತಿಗೆ 108. ದೊಡ್ಡ ಗಾಯವಾದರೆ ಜಿಲ್ಲಾ ಆಸ್ಪತ್ರೆಯಿಂದ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಮಹಾಬೋಧಿ ಸುಟ್ಟಗಾಯ ಕೇಂದ್ರಕ್ಕೆ ಕಳಿಸಬಹುದು. ನೇರ ಬೆಂಗಳೂರಿಗೇ ಓಡುವ ಮುನ್ನ ಮನೆಯಲ್ಲಿ ಆ ಇಪ್ಪತ್ತು ನಿಮಿಷ ಮುಗಿಸಿ.

ಚುಟುಕಾಗಿ

*ಟಿ.ಟಿ. ಇಂಜೆಕ್ಷನ್ ಬೇಕಾ? (ಗೌರಿಬಿದನೂರು)* ತಾಯಿ ಕಾರ್ಡ್ ತೆಗೆದು ನೋಡಿ. 6, 10, 14 ವಾರದ ಪೆಂಟಾವೇಲೆಂಟ್, 16ರಿಂದ 24 ತಿಂಗಳ ಡಿ.ಪಿ.ಟಿ. ಬೂಸ್ಟರ್ ವಯಸ್ಸಿಗೆ ತಕ್ಕಂತೆ ಆಗಿದ್ದರೆ ಪುಟ್ಟ ಮಗುವಿಗೆ ಬೇರೆ ಬೇಡ, ಟಿ.ಟಿ.ಯಂತೆ ಅವುಗಳಲ್ಲೂ ಧನುರ್ವಾಯು ತಡೆಯುವ ಲಸಿಕೆ ಇರುತ್ತದೆ. ತಪ್ಪಿದ್ದರೆ ಕಾರ್ಡ್ ಸಮೇತ ಆರೋಗ್ಯ ಕೇಂದ್ರಕ್ಕೆ ಹೋಗಿ.

*ನಂಜು ಅಂತ ಮೊಟ್ಟೆ, ಬದನೆಕಾಯಿ ಬಿಡಿಸಿದ್ದೀವಿ. (ಶ್ರೀನಿವಾಸಪುರ)* ಮತ್ತೆ ಕೊಡಿ. ಹೊಸ ಚರ್ಮ ಕಟ್ಟಲು ಪ್ರೋಟೀನ್ ಬೇಕು. ಮೊಟ್ಟೆ, ಬೇಳೆ, ಹಾಲು ಈಗಲೇ ಹೆಚ್ಚು ಬೇಕಾದದ್ದು. ಬದನೆಕಾಯಿಗೂ ಕೀವಿಗೂ ಸಂಬಂಧವಿಲ್ಲ.

*ಅಜ್ಜನ ಎಲೆಅಡಿಕೆ ಚೀಲದ ಸುಣ್ಣದ ಟ್ಯೂಬ್ ಹಿಂಡಿ ಮಗುವಿನ ಕಣ್ಣಿಗೆ ಸಿಡಿದರೆ? (ಶಿರಾ)* ರೆಪ್ಪೆ ಬಿಡಿಸಿ ಹಿಡಿದು ಅರ್ಧ ಗಂಟೆ ಎಡೆಬಿಡದೆ ನೀರು ಬಿಡಿ, ಕಂಡ ಸುಣ್ಣದ ಚೂರನ್ನು ಒದ್ದೆ ಬಟ್ಟೆಯ ತುದಿಯಿಂದ ತೆಗೆಯಿರಿ, ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ. ಸುಣ್ಣ ಕ್ಷಾರ. ಕಣ್ಣಿನೊಳಕ್ಕೆ ಇಳಿಯುತ್ತಲೇ ಹೋಗುತ್ತದೆ. ನಿಂಬೆರಸ ಹಾಕುವ ಯೋಚನೆಯನ್ನೇ ಮಾಡಬೇಡಿ.

*ಮಳೆಗಾಲದಲ್ಲಿ ಬೆಳಿಗ್ಗೆ ಎದ್ದರೆ ಕತ್ತಿನ ಮೇಲೆ ಬರೆ ಎಳೆದ ಹಾಗೆ ಬೊಬ್ಬೆ. ಯಾರೂ ಸುಟ್ಟಿಲ್ಲ! (ಕೊರಟಗೆರೆ)* ದೀಪಕ್ಕೆ ಬರುವ ಕಿತ್ತಳೆ ಕಪ್ಪು ಬಣ್ಣದ ಸಣ್ಣ ಹುಳವನ್ನು ನಿದ್ದೆಯಲ್ಲಿ ಉಜ್ಜಿರಬಹುದು. ಅದರ ರಸ ತಾಕಿ ಒಂದೆರಡು ದಿನದಲ್ಲಿ ಹೀಗೆ ಏಳುತ್ತದೆ. ಸೋಪಿನಿಂದ ತೊಳೆಯಿರಿ, ದಿಂಬಿನ ಚೀಲವನ್ನೂ ಒಗೆಯಿರಿ. ಕಣ್ಣಿನ ಹತ್ತಿರ ಇದ್ದರೆ ತೋರಿಸಿ.

*ಹೊಸ ಶೂ ಹಾಕಿ ಹಿಮ್ಮಡಿಯಲ್ಲಿ ಗುಳ್ಳೆ. (ಚಿಂತಾಮಣಿ)* ಚುಚ್ಚದೆ ಪ್ಲಾಸ್ಟರ್ ಹಾಕಿ, ವಾಸಿಯಾಗುವವರೆಗೆ ಚಪ್ಪಲಿಯಲ್ಲೇ ಕಳಿಸಿ. ಶಾಲೆಯವರಿಗೆ ಒಂದು ಚೀಟಿ ಬರೆದುಕೊಡಿ.

ನಮ್ಮೂರಲ್ಲಿ ಏನೇ ಆದರೂ ಕೊಬ್ಬರಿ ಎಣ್ಣೆ. ಸುಟ್ಟಗಾಯಕ್ಕೆ ಹಚ್ಚಲೇಬಾರದಾ?
– ತಿಪಟೂರು

ತಿಪಟೂರಿನವರಿಗೆ ಕೊಬ್ಬರಿ ಎಣ್ಣೆ ಬೇಡ ಎನ್ನುವ ಧೈರ್ಯ ನಮಗಿಲ್ಲ, ಆದರೆ ಹೊತ್ತು ನೋಡಿ ಹಚ್ಚಿ. ಸುಟ್ಟ ತಕ್ಷಣ ಹಚ್ಚಿದರೆ ಎಣ್ಣೆ ಶಾಖವನ್ನು ಒಳಗೇ ತಡೆಯುತ್ತದೆ. ಹಸಿ ಗಾಯದ ಮೇಲೂ ಬೇಡ, ಮನೆಯ ಎಣ್ಣೆ ಬಾಟಲಿಯಲ್ಲಿ ಎಲ್ಲರ ಬೆರಳೂ ಅದ್ದಿರುತ್ತದೆ. ಗಾಯ ಪೂರ್ತಿ ಮುಚ್ಚಿ, ಒದ್ದೆ ನಿಂತು, ಗುಲಾಬಿ ಬಣ್ಣದ ಹೊಸ ಚರ್ಮ ಬಂದ ಮೇಲೆ ಅದರ ಕಾಲ. ಆ ಚರ್ಮದಲ್ಲಿ ಎಣ್ಣೆಗ್ರಂಥಿಗಳು ಇನ್ನೂ ಸರಿಯಾಗಿ ಕೆಲಸ ಮಾಡುತ್ತಿರುವುದಿಲ್ಲ, ಒಣಗುತ್ತದೆ, ತುರಿಸುತ್ತದೆ. ದಿನಕ್ಕೆ ಎರಡು ಮೂರು ಸಲ ನಾಲ್ಕೈದು ಹನಿ ಹಾಕಿ ಬೆರಳ ತುದಿಯಿಂದ ವೃತ್ತಾಕಾರವಾಗಿ ಮೆಲ್ಲಗೆ ತಿಕ್ಕಿ. ಬಿಸಿಲಿಗೆ ಹೋಗುವಾಗ ಒಂದು ವರ್ಷ ಆ ಜಾಗ ಬಟ್ಟೆಯ ಕೆಳಗಿರಲಿ, ಇಲ್ಲವಾದರೆ ಕಪ್ಪು ಕಲೆ ಗಟ್ಟಿಯಾಗುತ್ತದೆ.

ಮೇಲ್ಪದರದ ಗಾಯ ವಾರದಲ್ಲಿ, ಬೊಬ್ಬೆಯದ್ದು ಎರಡು ವಾರದಲ್ಲಿ ಮಾಯಬೇಕು. ಎರಡು ವಾರ ದಾಟಿಯೂ ಹಸಿಯಾಗಿದ್ದರೆ ಉಬ್ಬುಕಲೆ ಬೀಳುವ ಸಂಭವ ಹೆಚ್ಚು, ಎಣ್ಣೆಗೆ ಕಾಯದೆ ತೋರಿಸಿ. ಮಾಯಿದ ಮೇಲೂ ಚರ್ಮ ಗಟ್ಟಿಯಾಗಿ ಉಬ್ಬುತ್ತಿದ್ದರೆ, ಮಗು ಬೆರಳನ್ನೋ ಮೊಣಕೈಯನ್ನೋ ಪೂರ್ತಿ ಚಾಚುತ್ತಿಲ್ಲವೆಂದರೆ ಆಗಲೂ ತೋರಿಸಬೇಕು. ಬಿಗಿಯುಡುಪು, ಸಿಲಿಕೋನ್ ಪಟ್ಟಿ, ಫಿಸಿಯೋಥೆರಪಿ ಬೇಗ ಶುರುವಾದಷ್ಟೂ ಹೆಚ್ಚು ಕೆಲಸ ಮಾಡುತ್ತವೆ.